ಎಡನೀರಿನ ಜಮೀನು ಕೇಸು, ದೆಹಲಿಯ ತಿದ್ದುಪಡಿ

ನಮಸ್ಕಾರ. ಕಾಸರಗೋಡಿನ ಹತ್ತಿರ ಎಡನೀರು ಅಂತ ಒಂದು ಊರು. ಅಲ್ಲೊಂದು ಮಠ. ಕೇರಳದ ಭೂಸುಧಾರಣೆ ಕಾಯ್ದೆಯಿಂದ ಮಠದ ಜಮೀನು ಕೈತಪ್ಪುವ ಹಾಗಾಯಿತು. 1970ರಲ್ಲಿ ಸ್ವಾಮೀಜಿ ಸುಪ್ರೀಂ ಕೋರ್ಟಿಗೆ ಹೋದರು. ಅವರೇ ಕೇಶವಾನಂದ ಭಾರತಿ. ಯಕ್ಷಗಾನ, ಸಂಗೀತ ಎಂದರೆ ಪ್ರಾಣ ಬಿಡುತ್ತಿದ್ದವರು. ಆದರೆ ದೇಶಕ್ಕೆ ಅವರ ಹೆಸರು ಗೊತ್ತಾಗಿದ್ದು ಈ ಕೇಸಿನಿಂದ.

(ಪರದೆಯಲ್ಲಿ: ಸಂವಿಧಾನದ 368ನೇ ವಿಧಿ)

ಮೊದಲು ತಿದ್ದುಪಡಿ ಹೇಗೆ ಆಗುತ್ತದೆ ನೋಡಿ. ಮಸೂದೆ ಲೋಕಸಭೆ, ರಾಜ್ಯಸಭೆ ಎರಡರಲ್ಲೂ ಪಾಸಾಗಲೇಬೇಕು. ಲೆಕ್ಕ ಸ್ವಲ್ಪ ಬಿಗಿ. ಲೋಕಸಭೆಯಲ್ಲಿ 543 ಸ್ಥಾನ ಇದೆ, ಅಲ್ವಾ? ಅರ್ಧಕ್ಕಿಂತ ಜಾಸ್ತಿ, ಅಂದರೆ ಕನಿಷ್ಠ 272 ಮತ ಬೇಕು. ಅಷ್ಟೇ ಸಾಲದು. ಅವತ್ತು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗವೂ ಬೇಕು. 480 ಜನ ಮತ ಹಾಕಿದರೆ 320. ಮಾಮೂಲಿ ಮಸೂದೆ ಒಂದು ಸದನದಲ್ಲಿ ಸಿಕ್ಕಿಕೊಂಡರೆ ಜಂಟಿ ಅಧಿವೇಶನ ಕರೆಯಬಹುದು. ಇಲ್ಲಿ ಆ ದಾರಿಯೇ ಇಲ್ಲ. ಕೇಂದ್ರ ಮತ್ತು ರಾಜ್ಯಗಳ ಅಧಿಕಾರ ಹಂಚಿಕೆಯಂಥದ್ದನ್ನು ಮುಟ್ಟಿದರೆ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳೂ ಒಪ್ಪಬೇಕು. ಕೊನೆಗೆ ರಾಷ್ಟ್ರಪತಿಗಳ ಅಂಕಿತ.

ಸರಿ. ಇಷ್ಟೂ ಮತ ಕೈಯಲ್ಲಿರುವ ಸರ್ಕಾರ ನಾಳೆ ನಿಮ್ಮ ಮಾತಾಡುವ ಹಕ್ಕನ್ನೇ ಕಿತ್ತು ಹಾಕಿದರೆ?

ಇದು ಸುಮ್ನೆ ಕೇಳಿದ ಪ್ರಶ್ನೆ ಅಲ್ಲ. ಮೂಲಭೂತ ಹಕ್ಕನ್ನೂ ಸಂಸತ್ತು ತಿದ್ದಬಹುದು ಅಂತ 1971ರ 24ನೇ ತಿದ್ದುಪಡಿ ಹೇಳಿಬಿಟ್ಟಿತ್ತು. ಹೀಗಾಗಿ ಎಡನೀರಿನ ಜಮೀನು ಕೇಸು ಇಡೀ ಸಂವಿಧಾನದ ಕೇಸಾಯಿತು. 13 ನ್ಯಾಯಮೂರ್ತಿಗಳು ಕೂತರು. 68 ದಿನ ವಾದ ನಡೆಯಿತು. ಸ್ವಾಮೀಜಿ ಪರ ನಾನಿ ಪಾಲ್ಖಿವಾಲಾ. 1973ರ ಏಪ್ರಿಲ್ 24ರಂದು ತೀರ್ಪು ಬಂತು, 7 ಜನ ಒಂದು ಕಡೆ, 6 ಜನ ಇನ್ನೊಂದು ಕಡೆ. ಸಂಸತ್ತು ಏನು ಬೇಕಾದರೂ ತಿದ್ದಲಿ, ಸಂವಿಧಾನದ ಮೂಲ ಸ್ವರೂಪ ಮಾತ್ರ ಕೆಡಿಸುವಂತಿಲ್ಲ. ನಮ್ಮ ಕಡೆಯ ಮಾತಲ್ಲಿ ಹೇಳುವುದಾದರೆ, ಹೆಂಚು ಬದಲಿಸಿ, ಗೋಡೆ ಒಡೆದು ಕಿಟಕಿ ಇಡಿ, ಪಂಚಾಂಗಕ್ಕೆ, ಅಂದರೆ ಮನೆಯ ಅಡಿಪಾಯಕ್ಕೆ, ಮಾತ್ರ ಕೈ ಹಾಕಬೇಡಿ. ಒಂದೇ ಒಂದು ಮತ ಆಚೆ ಹೋಗಿದ್ದರೆ ಈ ಮಾತೇ ಇರುತ್ತಿರಲಿಲ್ಲ!

ಭೂಸುಧಾರಣೆ ಕಾಯ್ದೆ? ಅದು ಹಾಗೇ ಉಳಿಯಿತು.

ಆ 7 ಜನರಲ್ಲಿ ಒಬ್ಬರು ಕಾರ್ಕಳ ಕಡೆಯ ಕೆ.ಎಸ್. ಹೆಗ್ಡೆ. ತೀರ್ಪಿನ ಬೆನ್ನಿಗೇ ಅವರೂ ಸೇರಿ ಮೂವರು ಹಿರಿಯರನ್ನು ದಾಟಿ, ಇನ್ನೊಂದು ಕಡೆಯಲ್ಲಿದ್ದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು.

ಆಮೇಲೆ ತುರ್ತು ಪರಿಸ್ಥಿತಿ ಬಂತು. ಅಕ್ರಮವಾಗಿ ಬಂಧಿಸಿದ್ದಾರೆ ಅಂತಲೂ ಈಗ ಕೋರ್ಟಿಗೆ ಬರುವಂತಿಲ್ಲ ಎಂದು 1976ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಆ ಗಾಯಕ್ಕೆ ಮದ್ದು ಹಚ್ಚಿದ್ದು ಮತ್ತೊಂದು ತಿದ್ದುಪಡಿ, 1978ರ 44ನೆಯದು. 20 ಮತ್ತು 21ನೇ ವಿಧಿಗಳನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತಿನಲ್ಲಿ ಇಡುವ ಹಾಗಿಲ್ಲ ಎಂದಿತು. ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಕೊಡಬಾರದು ಎನ್ನುವುದು ಇರುವುದು 20ರಲ್ಲಿ. ಜೀವ ಮತ್ತು ಸ್ವಾತಂತ್ರ್ಯದ ಹಕ್ಕು 21ರಲ್ಲಿ. ತಮಾಷೆ ಏನು ಗೊತ್ತಾ? ಸ್ವಾಮೀಜಿ ಕೋರ್ಟಿಗೆ ಹೋಗುವಾಗ ಮುಂದಿಟ್ಟಿದ್ದ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದಿದ್ದೂ ಇದೇ ತಿದ್ದುಪಡಿ. ಈಗ ಅದು 300ಎ ವಿಧಿಯಲ್ಲಿ, ಬರೀ ಕಾನೂನಿನ ಹಕ್ಕು.

ಆ ಮಸೂದೆ ಪಾಸಾದಾಗ ಲೋಕಸಭೆಯ ಸ್ಪೀಕರ್ ಯಾರು? ಬೆಂಗಳೂರು ದಕ್ಷಿಣದಿಂದ ಗೆದ್ದು ಬಂದಿದ್ದ ಕೆ.ಎಸ್. ಹೆಗ್ಡೆ.