ಬುಟ್ಟಿಯೊಳಗಿಂದ ಕಂಡ ಬಿಜಾಪುರ

ನಮಸ್ಕಾರ್ರೀ ಎಲ್ಲಾರಿಗೂ. ಈಗ ಪರದೆ ಮೇಲೆ ನನ್ನ ಬಾಯಿ ಆಡುತ್ತಿದೆಯಲ್ಲ, ಅಲ್ಲಿ ನಾನು ಏನೋ ಬಹಳ ಚಂದದ ಮಾತು ಹೇಳಿದ್ದೆ. ಏನು ಅಂತ ಈಗ ನನಗೇ ನೆನಪಿಲ್ಲ. ತಲೆ ಮೇಲೆ ಬಲೂನಿನ ಬರ್ನರ್ ಭರ್ರ್ ಅಂತ ಉರಿಯುವಾಗ ಮೈಕಿಗೆ ಅದೊಂದು ಬಿಟ್ಟು ಬೇರೇನೂ ಕೇಳಿಲ್ಲ. ಹಾಗಾಗಿ ಮನೆಯಲ್ಲಿ ಫ್ಯಾನ್ ಬಂದ್ ಮಾಡಿ, ಬಾಗಿಲು ಹಾಕಿಕೊಂಡು, ಈ ವ್ಲಾಗಿಗೆ ಮಾತು ಕೂಡಿಸುತ್ತಿದ್ದೇನೆ. ನಡುವೆ ಕುಕ್ಕರ್ ಸೀಟಿ ಕೇಳಿದರೆ ಅದು ಅವ್ವಂದು.

ಊರು ವಿಜಯಪುರ. 2014ರ ನವೆಂಬರ್ 1ಕ್ಕೆ ಸರ್ಕಾರ ಹೆಸರು ಬದಲಿಸಿತು, ಅವ್ವನ ಬಾಯಲ್ಲಿ ಇನ್ನೂ ಬಿಜಾಪುರವೇ. ಎಳ್ಳ ಅಮಾವಾಸ್ಯೆಗೆ ಅಂತ ಬೆಂಗಳೂರಿನಿಂದ ನಾಲ್ಕು ದಿನ ಮುಂಚೆಯೇ ಬಂದಿದ್ದೆ. ಅದೇ ಹೊತ್ತಿಗೆ ಒಂದು ಖಾಸಗಿ ತಂಡದವರು ಚಳಿಗಾಲದ ಮಟ್ಟಿಗೆ ಇಲ್ಲಿ ಬಿಸಿಗಾಳಿ ಬಲೂನ್ ಹಾರಿಸುತ್ತಿದ್ದರು. ಸೂರ್ಯ ಹುಟ್ಟುವಾಗ ಬಲೂನು, ಅದು ಮುಗಿದ ಮೇಲೆ ಗೈಡ್ ಜೊತೆ ಊರು ಸುತ್ತೋದು, ಎರಡಕ್ಕೂ ಒಂದೇ ಟಿಕೆಟ್. ನಮ್ಮೂರು ನಮಗೆ ತೋರಿಸೋಕೆ ಗೈಡ್ ಯಾಕೆ, ಬರೀ ಬಲೂನ್ ಸಾಕು ಅಂದೆ. ಅವ್ವ ಒಪ್ಪಲಿಲ್ಲ. “ರೊಕ್ಕ ಕೊಟ್ಟೀವಿ, ಅವನ್ನ ಯಾಕ ಬಿಡೂದು?”

ಮೊದಲನೇ ದಿನ ಬಲೂನ್ ಹಾರಲೇ ಇಲ್ಲ.

ನಸುಕಿನ ನಾಲ್ಕೂವರೆಗೆ ಎದ್ದು, ಸ್ವೆಟರು, ಕಿವಿಗೆ ಮಫ್ಲರ್, ಊರಿನ ಪೂರ್ವಕ್ಕೆ ಒಂದು ಬಯಲಿಗೆ ಹೋದೆವು. ಕತ್ತಲು. ಮೇಲೆ ಗಾಳಿ ಹೇಗಿದೆ ನೋಡೋಕೆ ಪೈಲಟ್ ಒಂದು ಸಣ್ಣ ಬಲೂನಿಗೆ ಹೀಲಿಯಂ ತುಂಬಿ, ಪುಟ್ಟ ದೀಪ ಕಟ್ಟಿ ಮೇಲಕ್ಕೆ ಬಿಟ್ಟ. ಅದು ಸ್ವಲ್ಪ ದೂರ ನೆಟ್ಟಗೆ ಹೋಯಿತು, ಆಮೇಲೆ ಯಾರೋ ದಾರ ಕಟ್ಟಿ ಎಳೆದ ಹಾಗೆ ಪಕ್ಕಕ್ಕೆ ಓಡಿತು. ಪೈಲಟ್ ತಲೆ ಅಲ್ಲಾಡಿಸಿದ. ಇವತ್ತು ಆಗಲ್ಲ.

ಸೊಲ್ಲಾಪುರದಿಂದ ಬಂದಿದ್ದ ಒಬ್ಬರು ಸಿಕ್ಕಾಪಟ್ಟೆ ಸಿಟ್ಟಾದರು, ದುಡ್ಡು ವಾಪಸ್ ತೊಗೊಂಡು ಹೊರಟೇಹೋದರು. ನನಗೂ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಯೋಚನೆ ಮಾಡಿ: ಬಲೂನಿಗೆ ಸ್ಟೇರಿಂಗ್ ಇಲ್ಲ, ಬ್ರೇಕ್ ಇಲ್ಲ. ಉರಿ ಕೊಟ್ಟರೆ ಏರುತ್ತದೆ, ತಣ್ಣಗಾದರೆ ಇಳಿಯುತ್ತದೆ, ಅಷ್ಟೇ. ಎತ್ತ ಹೋಗಬೇಕು ಅನ್ನೋದು ಗಾಳಿಗೆ ಬಿಟ್ಟದ್ದು. ಏರೋದಕ್ಕಿಂತ ಇಳಿಯೋದರ ಚಿಂತೆ ಜಾಸ್ತಿ. ಜೋರು ಗಾಳಿಯಲ್ಲಿ ಇಳಿಯುವಾಗ ಬುಟ್ಟಿ ಹೊಲದುದ್ದ ಎಳೆದುಕೊಂಡು ಹೋಗುತ್ತದೆ. ನಸುಕಿನಲ್ಲೇ ಹಾರಿಸೋದು ಚಂದ ಕಾಣಲಿ ಅಂತಷ್ಟೇ ಅಲ್ಲ. ರಾತ್ರಿಯೆಲ್ಲ ತಣ್ಣಗಾದ ನೆಲದ ಮೇಲೆ ಗಾಳಿ ಸುಮ್ಮನಿರುತ್ತದೆ. ಬಿಸಿಲೇರಿ ನಮ್ಮ ಎರೆಭೂಮಿ ಕಾದರೆ ಸಾಕು, ಅಲ್ಲಲ್ಲಿ ಬಿಸಿಗಾಳಿ ಮೇಲೇಳುತ್ತದೆ, ಆಗ ಬಲೂನು ಯಾರ ಮಾತೂ ಕೇಳಲ್ಲ. ಬೇಡ ಅನ್ನೋ ಪೈಲಟ್ ಸಿಕ್ಕರೆ ಜಗಳ ಆಡಬೇಡಿ.

ಮೂಲೆಯಲ್ಲಿ ಗೈಡ್ ನಿಂತಿದ್ದರು. ವಯಸ್ಸಾದವರು, ತಲೆಗೆ ಉಣ್ಣೆ ಟೊಪ್ಪಿಗೆ, ಕೈಯಲ್ಲಿ ಟಾರ್ಚು. ನಾನು ಆಗಲೇ ಕಾಕಾ ಅನ್ನೋಕೆ ಶುರು ಮಾಡಿದ್ದೆ. “ಆರಕ್ಕ ಗೋಳಗುಮ್ಮಟದ ಗೇಟ್ ತಗೀತಾರ. ನಡೀರಿ, ಈಗ ಯಾರೂ ಇರೂದಿಲ್ಲ,” ಅಂದರು.

ಇದು ಈ ವ್ಲಾಗಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ, ಆದರೆ ತೋರಿಸೋಕೆ ಏನೂ ಇಲ್ಲ. ಯಾಕಂದರೆ ಅದು ಕಣ್ಣಿನ ವಿಷಯ ಅಲ್ಲ. ಏಳಂತಸ್ತಿನ ಗೋಪುರದ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಗುಮ್ಮಟದೊಳಗಿನ ಆ ದುಂಡನೆ ಮೊಗಸಾಲೆಗೆ ಬಂದೆ. ಅವ್ವ ನಾಲ್ಕನೇ ಅಂತಸ್ತಿನಲ್ಲೇ “ನೀ ಹೋಗಿ ಬಾ” ಅಂತ ಕೂತುಬಿಟ್ಟಳು. ಕಾಕಾ ನನ್ನನ್ನು ಗೋಡೆಗೆ ಕಿವಿ ಹಚ್ಚಿ ನಿಲ್ಲಿಸಿ, ಸುತ್ತಿ ಹೋಗಿ ಎದುರು ಬದಿಗೆ ನಿಂತರು. ನಡುವೆ ಸುಮಾರು 38 ಮೀಟರ್ ಬಯಲು, ಕೆಳಗೆ ಸುಲ್ತಾನ ಮುಹಮ್ಮದ್ ಆದಿಲ್ ಶಾಹನ ಗೋರಿ. ಅವರು ಗೋಡೆ ಕಡೆ ಮುಖ ಮಾಡಿದ್ದಷ್ಟೇ ಕಂಡಿತು. ನನ್ನ ಕಿವಿಯಲ್ಲಿ, ಹೆಗಲ ಹಿಂದೆಯೇ ನಿಂತು ಕೇಳಿದ ಹಾಗೆ: “ಚಾ ಕುಡದ್ರ್ಯಾ?”

ನಾಲ್ಕನೇ ಇಯತ್ತೆಯಲ್ಲಿ ಸಾಲಿ ಟ್ರಿಪ್ಪಿಗೆ ಬಂದಾಗ ಎಲ್ಲರ ಜೊತೆ ಹೋ ಅಂತ ಒದರಿ ಹೋದವಳು ನಾನು. ಗೋಳಗುಮ್ಮಟ ಅಂದರೆ ಒದರೋ ಜಾಗ ಅಂತಲೇ ತಿಳಿದಿದ್ದೆ. ಅದು ಪಿಸುಗುಡೋ ಜಾಗ.

ಕಾಕಾ ಎರಡೂ ಕೈಯ ಬೆರಳು ಹೆಣೆದು ತೋರಿಸಿದರು: ಒಂದು ಚೌಕ, ಅದರ ಮೇಲೆ ಓರೆಯಾಗಿ ತಿರುಗಿಸಿಟ್ಟ ಇನ್ನೊಂದು ಚೌಕ. ಹಾಗೆ ಒಂದನ್ನೊಂದು ಹಾಯುವ ಎಂಟು ಕಮಾನು ಹೊರಗೆ 44 ಮೀಟರ್ ಅಗಲದ ಗುಮ್ಮಟವನ್ನು ಹೊತ್ತಿವೆ. ನಡುವೆ ಒಂದೂ ಕಂಬ ಇಲ್ಲ. ಮುಹಮ್ಮದ್ ಆದಿಲ್ ಶಾಹ ತೀರಿಕೊಂಡ 1656ರವರೆಗೂ ಕೆಲಸ ನಡೆದಿತ್ತು. ಅಷ್ಟು ಹೇಳೋ ಹೊತ್ತಿಗೆ ಕೆಳಗೆ ಸಾಲಿ ಬಸ್ಸು ಬಂತು. ಹೋ...! ಮುಗೀತು. ಇಬ್ಬರೂ ನಕ್ಕು ಇಳಿದೆವು.

ಈ ಪ್ಯಾಕೇಜಿನ ಮೇಲೆ ನನ್ನ ದೊಡ್ಡ ತಕರಾರು ಇಲ್ಲೇ ಇರೋದು. ಗೋಳಗುಮ್ಮಟ ಕೇಳಿಸೋ ಒಂದೇ ಒಂದು ತಾಸನ್ನು ಬಲೂನು ತಿಂದುಹಾಕುತ್ತದೆ. ನಮ್ಮ ಹಾರಾಟ ರದ್ದಾಗಿದ್ದಕ್ಕೆ ಅದು ನಮಗೆ ಸಿಕ್ಕಿತು. ನೀವು ಬಂದರೆ ಎರಡು ಬೆಳಗು ಇಟ್ಟುಕೊಂಡು ಬನ್ನಿ.

ಎರಡನೇ ದಿನ. ಸಣ್ಣ ಬಲೂನು ನಿಧಾನಕ್ಕೆ ಪಶ್ಚಿಮಕ್ಕೆ ತೇಲಿತು. ಪೈಲಟ್ ಹೂಂ ಅಂದ. ಸೊಲ್ಲಾಪುರದವರ ಜಾಗ ಖಾಲಿ ಇತ್ತಲ್ಲ, ಅದಕ್ಕೆ ಕಾಕಾನ್ನೂ ಹತ್ತಿಸಿಕೊಂಡರು. ಮೂವತ್ತು ವರ್ಷ ಈ ಊರು ತೋರಿಸಿದ ಮನುಷ್ಯ ಮೇಲಿಂದ ಒಮ್ಮೆಯೂ ನೋಡಿರಲಿಲ್ಲ.

ನೆಲದ ಮೇಲೆ ಉದ್ದಕ್ಕೆ ಹಾಸಿದ ನೈಲಾನ್ ಬಟ್ಟೆ. ಮೊದಲು ದೊಡ್ಡ ಫ್ಯಾನಿನಿಂದ ತಣ್ಣನೆ ಗಾಳಿ ತುಂಬುತ್ತಾರೆ. ಅರ್ಧ ಉಬ್ಬಿದ ಮೇಲೆ ಪ್ರೊಪೇನ್ ಗ್ಯಾಸಿನ ಉರಿ ಒಳಗೆ ಬಿಡುತ್ತಾರೆ. ಮಲಗಿದ್ದ ಆನೆ ಎದ್ದ ಹಾಗೆ ಅದು ಎದ್ದು ನಿಲ್ಲುತ್ತದೆ. ಒಳಗಿನ ಗಾಳಿ ನೂರು ಡಿಗ್ರಿ ಹತ್ತಿರ ಕಾಯುತ್ತದೆ. ಕಾದ ಗಾಳಿ ಹಗುರ, ಸುತ್ತಲಿನ ಚಳಿಗಾಳಿ ಭಾರ. ಚಳಿ ಇದ್ದಷ್ಟೂ ಒಳ್ಳೇದು.

ಬೆತ್ತದ ಬುಟ್ಟಿಗೆ ಬಾಗಿಲಿಲ್ಲ. ಪಕ್ಕದಲ್ಲಿ ಕಾಲಿಡೋಕೆ ಕಂಡಿ ಇರುತ್ತವೆ, ಹತ್ತಿ ಒಳಗೆ ಇಳಿಯಬೇಕು. ಅವ್ವ ಇಳಕಲ್ ಸೀರೆ ಉಟ್ಟು, ಒಳಗೆ ನನ್ನ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಬಂದಿದ್ದಳು. ಅಷ್ಟಾದರೂ ಬುಟ್ಟಿ ಮುಂದೆ ನಿಂತು ಅನುಮಾನ. 1783ರಲ್ಲಿ ಫ್ರಾನ್ಸಿನ ಮಾಂಟ್‌ಗಾಲ್ಫಿಯರ್ ಅಣ್ಣತಮ್ಮಂದಿರು ಮನುಷ್ಯರನ್ನ ಕಳಿಸೋ ಮೊದಲು ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜ ಕೂಡಿಸಿ ಹಾರಿಸಿದ್ದರು ಅಂತ ಸಮಾಧಾನ ಮಾಡಿದೆ.

“ಕುರಿ ಏನಾತು?”

“ಆರಾಮ ಇಳೀತವ್ವಾ.”

“ಕುರಿ ಹೋಗಿ ಬಂದೈತಂದ್ರ ನಡಿ.”

ನೆಲ ಬಿಟ್ಟಿದ್ದು ಗೊತ್ತೇ ಆಗಲಿಲ್ಲ. ಲಿಫ್ಟಿನಲ್ಲಾದರೂ ಹೊಟ್ಟೆ ಒಂದು ಸಲ ಜುಮ್ಮೆನ್ನುತ್ತದೆ. ಇಲ್ಲಿ ಅದೂ ಇಲ್ಲ. ಕೆಳಗೆ ನಿಂತವರು ಸಣ್ಣಗಾದರು, ಅಷ್ಟೇ. ಉರಿ ನಿಲ್ಲಿಸಿದಾಗಿನ ಮೌನ ಇದೆಯಲ್ಲ, ಅದನ್ನ ಹೇಗೆ ಹೇಳಲಿ. ಗಾಳಿಯ ಜೊತೆಗೇ ಹೋಗುತ್ತಿರುತ್ತೀವಿ, ಹಾಗಾಗಿ ಮುಖಕ್ಕೆ ಗಾಳಿ ಬಡಿಯಲ್ಲ. ಕೆಳಗಿನ ಸದ್ದು ಒಂದೊಂದೇ ಮೇಲೆ ಬರುತ್ತವೆ: ನಾಯಿ, ಎಮ್ಮೆ, ಎಲ್ಲೋ ಬೋರಿನ ಮೋಟರು, ಯಾರದೋ ಮನೆ ಅಂಗಳದಲ್ಲಿ ಕೊಡ ತಿಕ್ಕೋದು.

ಸುಮಾರು ಏಳಕ್ಕೆ ಹಿಂದಿನಿಂದ ಸೂರ್ಯ ಬಂದ. ಶಿವಗಿರಿಯ 85 ಅಡಿ ಶಿವ ಹೊಲದ ನಡುವೆ ಇಟ್ಟ ಗೊಂಬೆಯಷ್ಟಿದ್ದ. ಮುಂದೆ ಊರು. ಈಗ ಕಾಕಾ ಶುರು ಮಾಡುತ್ತಾರೆ ಅಂತ ಕ್ಯಾಮೆರಾ ಅವರ ಕಡೆ ತಿರುಗಿಸಿದೆ, ನೋಡಿ. ಹಿಂದಿನ ದಿನ ಕನ್ನಡ, ಹಿಂದಿ, ಇಂಗ್ಲಿಷು ಮೂರರಲ್ಲೂ ನಿಲ್ಲಿಸದೆ ಹೇಳಿದ ಮನುಷ್ಯ ಇಲ್ಲಿ ಬುಟ್ಟಿಯ ಅಂಚು ಹಿಡಿದು ಬಾಯಿ ಮುಚ್ಚಿ ನಿಂತಿದ್ದಾರೆ. ತುಂಬ ಹೊತ್ತಾದ ಮೇಲೆ ಒಂದೇ ಮಾತು.

“ಗ್ವಾಡಿ ಇಷ್ಟ ದುಂಡಗ ಐತಿ!”

ಒಂದನೇ ಅಲಿ ಆದಿಲ್ ಶಾಹ ಕಟ್ಟಿಸಿದ ಕೋಟೆಗೋಡೆ, ಸುತ್ತಳತೆ ಹತ್ತು ಕಿಲೋಮೀಟರ್ ಹತ್ತಿರ. ಕೆಳಗೆ ಅದು ಎಲ್ಲೂ ಪೂರ್ತಿ ಸಿಗಲ್ಲ. ಒಂದು ತುಂಡು ಸಂತೆ ಹಿಂದೆ, ಒಂದು ತುಂಡು ಮನೆಗಳ ಹಿಂದೆ. ಮೇಲಿಂದ ನೋಡಿದರೆ ಅಲ್ಲಲ್ಲಿ ಮುಕ್ಕಾದ ರೊಟ್ಟಿಯ ಅಂಚು. ಅದರೊಳಗೆ ಇನ್ನೊಂದು ಸಣ್ಣ ಸುತ್ತು, ಅರಕಿಲ್ಲಾ ಅನ್ನೋ ಒಳಕೋಟೆ. ಪೂರ್ವದ ಅಂಚಿಗೆ ಗೋಳಗುಮ್ಮಟ. ಅದರ ನೆರಳು ಪಶ್ಚಿಮದ ಮನೆಗಳ ಮೇಲೆ ಎಷ್ಟು ಉದ್ದ ಬಿದ್ದಿತ್ತೆಂದರೆ, ಆ ಓಣಿಗಳಿಗೆ ಇನ್ನೂ ಬೆಳಗಾಗಿರಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆ: 51 ಮೀಟರ್ ಎತ್ತರದ ಕಟ್ಟಡ, ಸೂರ್ಯ ಐದು ಡಿಗ್ರಿ ಮೇಲಿದ್ದರೆ ನೆರಳು ಅರ್ಧ ಕಿಲೋಮೀಟರ್ ದಾಟುತ್ತದೆ.

ಜಾಹೀರಾತಿನ ಚಿತ್ರದಲ್ಲಿ ಬಲೂನು ಸರಿಯಾಗಿ ಗುಮ್ಮಟದ ನೆತ್ತಿ ಮೇಲಿತ್ತು. ನಾವು ಹೋಗಿದ್ದು ಅದರ ಉತ್ತರಕ್ಕೆ, ದೂರದಿಂದಲೇ. ಪೈಲಟ್ ಸ್ವಲ್ಪ ಏರಿ, ಸ್ವಲ್ಪ ಇಳಿದು ಬೇರೆ ದಿಕ್ಕಿನ ಗಾಳಿ ಹುಡುಕಿದ. ಎತ್ತರ ಬದಲಾದರೆ ಗಾಳಿಯ ದಿಕ್ಕೂ ಬದಲಾಗುತ್ತದೆ, ಅವರ ಚಾಲಾಕಿ ಇರೋದೇ ಅದರಲ್ಲಿ. ಅವತ್ತು ಗಾಳಿ ಜಗ್ಗಲಿಲ್ಲ. ಅಂಥ ಚಿತ್ರ ಹಾಕಿ ಆಸೆ ಹಚ್ಚಬಾರದು, ಅಷ್ಟೇ ನಾನು ಹೇಳೋದು.

ಅರ್ಧಕ್ಕೇ ನಿಂತ ಗೋರಿ ಬಾರಾ ಕಮಾನು ಎದೆಗೂಡಿನ ಎಲುಬಿನ ಹಾಗೆ ಕಂಡು ಹೋಯಿತು. ಪಶ್ಚಿಮದ ಗೋಡೆ ದಾಟಿದೆವು. ಹೊರಗೆ ಇಬ್ರಾಹಿಂ ಸುಲ್ತಾನನ ಗೋರಿ ಇಬ್ರಾಹಿಂ ರೋಜಾ, ತಟ್ಟೆಯಲ್ಲಿಟ್ಟ ಸಕ್ಕರೆ ಗೊಂಬೆ. ಆಮೇಲೆ ಹೊಲ: ಹಸಿರು ಬಿಳಿಜೋಳ, ಕಪ್ಪು ನೆಲ, ದೂರಕ್ಕೆ ದ್ರಾಕ್ಷಿ ತೋಟ. ತೊರವೆ ಹಳ್ಳಿ ಹತ್ತಿರ ಬರುವಾಗ ನಾವು ತುಂಬ ಕೆಳಗಿದ್ದೆವು. ಆಗ ಕಾಕಾಗೆ ಮಾತು ವಾಪಸ್ ಬಂತು.

“ಅಲ್ಲಿ ನೋಡ್ರಿ, ಬಾವಿ. ಅದರ ಮುಂದ ಒಂದ. ಮತ್ತ ಅಲ್ಲೊಂದ. ಸಾಲ ಕಂಡ್ರ್ಯಾ?”

ಒಂದು ಪೊದೆಯಲ್ಲಿ ಮುಚ್ಚಿತ್ತು, ಒಂದರ ಬಾಯಿಗೆ ಕಲ್ಲು ಬಿದ್ದಿತ್ತು. ಆದರೆ ಸಾಲು ಹೌದು, ಮುಖ ಊರಿನ ಕಡೆಗೆ. ಸುರಂಗ ಬಾವಿ. ನೆಲದಡಿ ಕೊರೆದ ಕಾಲುವೆ, ಗಾಳಿ ಬೆಳಕಿಗೆ, ಹೂಳು ತೆಗೆಯೋಕೆ ಅಂತ ಅಲ್ಲಲ್ಲಿ ಮೇಲಕ್ಕೆ ಬಾಯಿ. ತೊರವೆಯ ಎತ್ತರದಿಂದ ಊರಿಗೆ ಇಳಿಜಾರಿನಲ್ಲೇ ನೀರು ಹರಿದು ಬರುತ್ತಿತ್ತು, ಪಂಪಿಲ್ಲ, ಏನಿಲ್ಲ. ಊರೊಳಗೆ ನೀರಿನ ಒತ್ತಡ ಇಳಿಸೋಕೆ ಕಟ್ಟಿದ ಗೋಪುರಗಳೇ ಗಂಜ್. ನಮ್ಮ ಓಣಿ ಹತ್ತಿರ ಅಂಥದ್ದೊಂದಿದೆ. ಅದಕ್ಕೆ ಪೋಸ್ಟರ್ ಅಂಟಿಸೋದು ಬಿಟ್ಟು ಬೇರೆ ಉಪಯೋಗ ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

ಇಳಿಯೋ ಹೊತ್ತು. ಕ್ಯಾಮೆರಾ ಒಳಗಿಡಿ, ಮೊಣಕಾಲು ಮಡಚಿ, ಒಳಗಿನ ಹಗ್ಗ ಗಟ್ಟಿ ಹಿಡೀರಿ ಅಂದರು. ಅದಕ್ಕೇ ಇಲ್ಲಿ ಪರದೆ ಕಪ್ಪು. ದ್ರಾಕ್ಷಿ ತೋಟದ ತಂತಿ ತಪ್ಪಿಸಬೇಕು, ಕರೆಂಟಿನ ತಂತಿ ತಪ್ಪಿಸಬೇಕು, ನಿಂತ ಜೋಳ ತುಳಿಯಬಾರದು. ಕೊಯ್ದು ಖಾಲಿಯಾದ ಒಂದು ತೊಗರಿ ಹೊಲ ಸಿಕ್ಕಿತು. ಧಪ್, ಒಂದು ಜಿಗಿತ, ಇನ್ನೊಂದು ಧಪ್. ಬುಟ್ಟಿ ಓರೆಯಾಗಿ ನಿಂತಿತು. ಅವ್ವ ಮೊದಲು ಸೆರಗು ನೋಡಿಕೊಂಡಳು, ಆಮೇಲೆ ನನ್ನ.

ಪಕ್ಕದ ಹೊಲದಿಂದ ಒಬ್ಬ ಆಯಿ ಬಂದರು. ಬೈತಾರೆ ಅಂದುಕೊಂಡೆ. ತಂಡದವರು ಹೊಲದ ಮಾಲೀಕರ ಜೊತೆ ಮಾತಾಡಿ ಕೊಡಬೇಕಾದ್ದು ಕೊಟ್ಟರು. ಆಯಿಗೆ ಅದರ ಗೊಡವೆ ಇಲ್ಲ. ಕುಳ್ಳಿನ ಕೆಂಡದಲ್ಲಿ ಎಳೆ ಜೋಳದ ತೆನೆ ಸುಡುತ್ತಿದ್ದರು. ಬಿಸಿ ತೆನೆಯನ್ನ ಅಂಗೈಯಲ್ಲಿ ತಿಕ್ಕಿ, ಊದಿ, ಹಸಿರು ಸೀತನಿ ನನ್ನ ಕೈಗೆ ಸುರಿದರು. ಹಾಲಿನ ವಾಸನೆ, ಮೇಲೆ ಹೊಗೆ. “ಅಮಾಸಿ ದಿನ ಇಳದಿದ್ರ ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹೋಳಿಗಿ ಎಲ್ಲಾ ಉಣ್ಣಸ್ತಿದ್ದೆ. ಅವಸರ ಮಾಡೀರಿ,” ಅಂದರು.

ಊರು ಸುತ್ತೋ ಪಟ್ಟಿಯಲ್ಲಿ ಇನ್ನೂ ಏಳೆಂಟು ಜಾಗ ಇದ್ದವು. ನಾಲ್ಕಕ್ಕೆ ಇಳಿಸಿದೆವು, ಅದೂ ಜಾಸ್ತಿಯೇ. ಇಬ್ರಾಹಿಂ ರೋಜಾದಲ್ಲಿ ಅವ್ವ ಕಿಟಕಿ ಮುಂದೆ ಕೂತುಬಿಟ್ಟಳು. ಕಲ್ಲಿನಲ್ಲಿ ಅಕ್ಷರ ಕೊರೆದಿಲ್ಲ, ಅಕ್ಷರಗಳ ಸಂದಿಯನ್ನೇ ಕೊರೆದಿದ್ದಾರೆ, ಬೆಳಕು ಅಲ್ಲಿಂದ ಬರುತ್ತದೆ. ತಾಜ್ ಬಾವಡಿ ಅನ್ನೋ ದೊಡ್ಡ ಬಾವಿ ಹತ್ತಿರ ಕಾಕಾ ಅದು ಕಟ್ಟಿದ ಇಸವಿ ಹೇಳಿದ್ದು ಆಮೇಲೆ, 1620 ಅಂತ. ಮೊದಲು ಕೇಳಿದ್ದು: “ಮುಂಜಾನೆ ಕಂಡ ಬಾವಿ ಸಾಲ ನೆನಪೈತಿಲ್ಲ? ತೊರವಿ ನೀರು, ಬೇಗಂ ತಲಾಬ ನೀರು, ಈ ಬಾವಡಿ ನೀರು. ಎಲ್ಲಾ ಕೂಡಿ ಊರು.” ಹಿಂದಿನ ದಿನ ಅವರ ಮಾತು ಹೀಗಿರಲಿಲ್ಲ, ಸುಲ್ತಾನರ ಹೆಸರು ಮೊದಲು ಬರುತ್ತಿತ್ತು.

ಮಲಿಕ್-ಎ-ಮೈದಾನ್ ತೋಪು ಎಲ್ಲರಿಗೂ ಗೊತ್ತಿರೋದೇ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, 55 ಟನ್. ಬ್ರಿಟಿಷರ ಕಾಲಕ್ಕೆ, 1854ರಲ್ಲಿ, ಹರಾಜಿನಲ್ಲಿ 150 ರೂಪಾಯಿಗೆ ಹೋಗಿತ್ತು. ಆಮೇಲೆ ಹರಾಜು ರದ್ದಾಗಿ ಉಳಿಯಿತು. “ನಿಮ್ಮ ಬಲೂನ್ ಟಿಕೆಟಿನ್ಯಾಗ ಇಂಥಾವು ಎಷ್ಟ ಬರ್ತಿದ್ದುವು ಲೆಕ್ಕಾ ಹಾಕ್ರಿ,” ಅಂದರು ಕಾಕಾ. ಅವ್ವ ನಿಜವಾಗಿಯೂ ಲೆಕ್ಕ ಹಾಕಿದಳು. ಆಮೇಲೆ ಮಧ್ಯಾಹ್ನದವರೆಗೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಕೊನೆಗೆ ಉಪಲಿ ಬುರುಜು. ಸುತ್ತಿಕೊಂಡು ಹೋಗೋ ಹೊರಮೆಟ್ಟಿಲು, ಎತ್ತರ 80 ಅಡಿ. ಬೆಳಿಗ್ಗೆ ಅಷ್ಟು ಮೇಲಿಂದ ನೋಡಿ ಬಂದವರಿಗೆ ಇದೇನು ಅನ್ನಿಸುತ್ತದೆ ಅಂದುಕೊಂಡಿದ್ದೆ. ಆದರೆ ಕಾಕಾ ನನಗಿಂತ ಮೊದಲೇ ಹತ್ತಿ, ಪಶ್ಚಿಮದ ಅಂಚಿಗೆ ಹೋಗಿ, ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಅಲ್ಲಿದ್ದ ಬಾಗಲಕೋಟೆ ಕಡೆಯ ಒಂದು ಸಂಸಾರ ಅವರನ್ನೇ ನೋಡಿತು, ಅವರು ನೋಡುತ್ತಿದ್ದ ಕಡೆ ನೋಡಿತು.

“ಅಲ್ಲೇನ ಐತ್ರಿ ಯಜಮಾನ್ರ?”

“ಒಂದ ತೊಗರಿ ಹೊಲ,” ಅಂದರು ಕಾಕಾ, ಕೈ ಇಳಿಸದೆ.