ಸೊಳ್ಳೆಗೆ ಹೊಗೆ ಅಭ್ಯಾಸವಾಗುವುದಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆಗಾಲ ಮುಗಿಯುವ ಹೊತ್ತಿಗೆ ಬೆಂಗಳೂರಿನ ಯಾವ ಬಡಾವಣೆಯಲ್ಲಿ ಕಿವಿಗೊಟ್ಟರೂ ಒಂದು ಮಾತು ಕೇಳಿಸುತ್ತದೆ: "ಸೊಳ್ಳೆಬತ್ತಿ ಹಚ್ಚಿ ಏನೂ ಪ್ರಯೋಜನವಿಲ್ಲ, ಸೊಳ್ಳೆಗಳಿಗೆ ಆ ಹೊಗೆ ಅಭ್ಯಾಸವಾಗಿಬಿಟ್ಟಿದೆ." ಸಂಜೆ ಬೀದಿಯಲ್ಲಿ ಫಾಗಿಂಗ್ ಯಂತ್ರ ಸದ್ದು ಮಾಡುತ್ತ ಹೋದ ಮೇಲೂ ಗೇಟಿನ ಬಳಿ ನಿಂತವರು ಇದನ್ನೇ ಹೇಳುತ್ತಾರೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ದಿನಗಳಲ್ಲಿ ನಾನು ಇದೇ ಮಾತಿನ ಗ್ರಾಂಥಿಕ ರೂಪವನ್ನು ಉತ್ತರಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇನೆ: "ಕೀಟಗಳು ಕೀಟನಾಶಕಕ್ಕೆ ಹೊಂದಿಕೊಂಡು ನಿರೋಧಶಕ್ತಿಯನ್ನು ಬೆಳೆಸಿಕೊಳ್ಳುತ್ತವೆ." ಔಷಧ ಮೊದಲಿನಂತೆ ನಾಟುತ್ತಿಲ್ಲ ಎಂಬುದು ನಿಜ. ಆದರೆ ಯಾವ ಸೊಳ್ಳೆಗೂ ಅದು ಅಭ್ಯಾಸವಾಗಿಲ್ಲ. ಹಾಗಿದ್ದೂ ಸೊಳ್ಳೆಗಳು ಸಾಯದಿರುವುದು ಹೇಗೆ ಎಂಬುದನ್ನು ಸರಿಯಾಗಿ ತಿಳಿದುಕೊಂಡರೆ ಜೀವವಿಕಾಸದ ತಿರುಳು ಕೈಗೆ ಸಿಕ್ಕಿದಂತೆಯೇ ಎಂದು ನಾನು ನಂಬಿದ್ದೇನೆ. ಆದ್ದರಿಂದ ಈ ಹೊತ್ತಿನ ನನ್ನ ಮಾತು ಸೊಳ್ಳೆಯನ್ನು ಹಿಡಿದೇ ಸಾಗುತ್ತದೆ.

ಒಗ್ಗಿಕೊಳ್ಳುವುದೆಂದರೆ ಒಂದು ಜೀವಿಯ ಆಯುಷ್ಯದೊಳಗೆ ತೊಡಗಿ ಅದರೊಂದಿಗೇ ಮುಗಿದುಹೋಗುವ ಬದಲಾವಣೆ. ಕರಾವಳಿಯಿಂದ ಬಂದವರು ಎರಡು ಮೂರು ವರ್ಷಗಳಲ್ಲಿ ಬೆಂಗಳೂರಿನ ಧನುರ್ಮಾಸದ ಚಳಿಗೆ ಒಗ್ಗಿಕೊಳ್ಳುತ್ತಾರೆ. ಹಾರೆ ಹಿಡಿದು ದುಡಿಯುವವರ ಅಂಗೈ ದಡ್ಡುಗಟ್ಟುತ್ತದೆ. ಅವರ ಮಕ್ಕಳ ಅಂಗೈ ಮಾತ್ರ ಎಲ್ಲ ಮಕ್ಕಳ ಅಂಗೈಯಂತೆ ಮೃದುವಾಗಿಯೇ ಇರುತ್ತದೆ. ನಮ್ಮ ನಾಡಿನಲ್ಲಿ ಅದೆಷ್ಟು ತಲೆಮಾರುಗಳಿಂದ ಮಕ್ಕಳ ಕಿವಿ ಚುಚ್ಚುತ್ತ ಬಂದಿದ್ದೇವೆ. ಆದರೂ ಪ್ರತಿಯೊಂದು ಕೂಸೂ ತೂತಿಲ್ಲದ ಕಿವಿಯೊಂದಿಗೇ ಹುಟ್ಟುತ್ತದೆ, ಅಕ್ಕಸಾಲಿಗರನ್ನು ಪ್ರತಿ ಬಾರಿಯೂ ಹೊಸದಾಗಿ ಕರೆಸಬೇಕಾಗುತ್ತದೆ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯ ಆಗಸ್ಟ್ ವೈಸ್‌ಮನ್ ಅವರು ಹಲವು ತಲೆಮಾರುಗಳವರೆಗೆ ಇಲಿಗಳ ಬಾಲ ಕತ್ತರಿಸುತ್ತ ಹೋದರು. ಬಾಲವಿಲ್ಲದ ಒಂದು ಮರಿಯೂ ಹುಟ್ಟಲಿಲ್ಲ. ಬಳಸಿದ ಅಂಗ ಬೆಳೆಯುತ್ತದೆ, ಆ ಬೆಳವಣಿಗೆ ಮಕ್ಕಳಿಗೂ ದಾಟುತ್ತದೆ ಎಂದು 1809ರಲ್ಲಿ ಬರೆದ ಫ್ರಾನ್ಸಿನ ಲಮಾರ್ಕ್ ಅವರನ್ನು ಈ ಕಾರಣಕ್ಕಾಗಿ ನಮ್ಮ ತರಗತಿಗಳಲ್ಲಿ ಹಗುರವಾಗಿ ಕಾಣುವುದುಂಟು. ಅದು ನ್ಯಾಯವಲ್ಲ. ಜೀವಜಾತಿಗಳು ಬದಲಾಗುತ್ತವೆ ಎಂಬುದನ್ನು ಧೈರ್ಯದಿಂದ ಹೇಳಿದ ಮೊದಲಿಗರಲ್ಲಿ ಅವರೊಬ್ಬರು, ಮತ್ತು ಬಳಕೆಯ ಫಲ ಸಂತಾನಕ್ಕೆ ದಾಟಬಹುದೆಂಬ ನಂಬಿಕೆ ಡಾರ್ವಿನ್ ಅವರಿಗೂ ಇತ್ತು.

ಹಾಗಾದರೆ ಸಂತಾನಕ್ಕೆ ದಾಟುವ ಬದಲಾವಣೆ ಎಲ್ಲಿಂದ ಬರುತ್ತದೆ? ಇದನ್ನು ವಿವರಿಸಲು ನಮ್ಮ ಓಲೆಗರಿಗಳಿಗಿಂತ ಒಳ್ಳೆಯ ಹೋಲಿಕೆ ನನಗೆ ದೊರೆತಿಲ್ಲ. ಹಳೆಯ ಕಾವ್ಯವೊಂದನ್ನು ಲಿಪಿಕಾರನು ನೋಡಿ ನೋಡಿ ಪ್ರತಿ ಮಾಡುವಾಗ ಎಲ್ಲೋ ಒಂದು ಅಕ್ಷರ ತಪ್ಪುತ್ತದೆ. ಆ ಪ್ರತಿಯನ್ನು ನೋಡಿ ಬರೆದ ಮುಂದಿನವನು ಆ ತಪ್ಪನ್ನೂ ಸೇರಿಸಿಯೇ ಬರೆಯುತ್ತಾನೆ. ಹೀಗೆ ಪಾಠಾಂತರಗಳು ಹುಟ್ಟುತ್ತವೆ. ಜೀವಕೋಶ ಇಬ್ಭಾಗವಾಗುವಾಗ ಅದರೊಳಗಿನ, ಜೀವಿಯ ರಚನೆಯ ಬರಹವನ್ನು ಹೊತ್ತ ಡಿಎನ್ಎ ಕೂಡ ಪ್ರತಿಯಾಗುತ್ತದೆ, ಅಲ್ಲಿಯೂ ಅಪರೂಪಕ್ಕೆ ಒಂದು ಅಕ್ಷರ ಪಲ್ಲಟವಾಗುತ್ತದೆ. ಪಠ್ಯಪುಸ್ತಕಗಳು ಇದನ್ನು ಉತ್ಪರಿವರ್ತನೆ ಎನ್ನುತ್ತವೆ. ಬಹುಪಾಲು ಪಲ್ಲಟಗಳಿಂದ ಏನೂ ಆಗುವುದಿಲ್ಲ, ಕೆಲವು ಕೇಡು ಮಾಡುತ್ತವೆ, ತೀರಾ ಕೆಲವು ಯಾವುದೋ ಒಂದು ಸನ್ನಿವೇಶದಲ್ಲಿ ಉಪಕಾರಕ್ಕೆ ಬರುತ್ತವೆ. ಲಿಪಿಕಾರನ ಕೈತಪ್ಪು ಓದುಗನ ಅಗತ್ಯವನ್ನು ಅರಿತು ಆದದ್ದಲ್ಲ. ಡಿಎನ್ಎಯ ಕೈತಪ್ಪೂ ಜೀವಿಯ ಅಗತ್ಯವನ್ನು ಅರಿತು ಆಗುವುದಿಲ್ಲ.

ಈಗ ಸೊಳ್ಳೆಬತ್ತಿಗೆ ಬರೋಣ. ಅದರಲ್ಲಿರುವ ಔಷಧ ಪೈರೆಥ್ರಾಯ್ಡ್ ಎಂಬ ಗುಂಪಿನದು. ಸೇವಂತಿಗೆಯ ನೆಂಟನಾದ ಒಂದು ಬಿಳಿ ಹೂವಿನಲ್ಲಿ ಸಹಜವಾಗಿಯೇ ದೊರೆಯುವ ವಿಷದ ಮಾದರಿಯನ್ನು ಅನುಸರಿಸಿ ಕಾರ್ಖಾನೆಯಲ್ಲಿ ತಯಾರಿಸಿದ್ದು. ಕೀಟದ ನರಕೋಶದ ಮೇಲ್ಪೊರೆಯಲ್ಲಿ ಸೋಡಿಯಂ ಅಯಾನುಗಳು ಒಳಬರುವ ಬಾಗಿಲುಗಳಿವೆ. ಸಂದೇಶ ಹಾಯುವಾಗ ಅವು ಕ್ಷಣಮಾತ್ರ ತೆರೆದು ಮುಚ್ಚಿಕೊಳ್ಳಬೇಕು. ಪೈರೆಥ್ರಾಯ್ಡ್ ಆ ಬಾಗಿಲಿಗೆ ಅಂಟಿ ಅದು ಮುಚ್ಚದಂತೆ ತಡೆಯುತ್ತದೆ; ನರ ಬಿಡುವಿಲ್ಲದೆ ಮಿಡಿದು ಸೊಳ್ಳೆ ಸೆಟೆದು ಬೀಳುತ್ತದೆ. 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದಲ್ಲಿ ನಮ್ಮ ಹಿರಿಯರ ಮನೆಗೋಡೆಗಳಿಗೆ ಸಿಂಪಡಿಸಿದ ಡಿಡಿಟಿ ಕೂಡ ಇದೇ ಬಾಗಿಲನ್ನು ಹಿಡಿಯುವ ವಿಷ. ಆ ಬಾಗಿಲು ಒಂದು ಪ್ರೋಟೀನು, ಸಾಲಾಗಿ ಪೋಣಿಸಿದ ಅಮೈನೋ ಆಮ್ಲಗಳ ಸರ. ಡಿಎನ್ಎಯ ಒಂದು ಅಕ್ಷರ ಪಲ್ಲಟವಾಗಿ, ಆ ಸರದಲ್ಲಿ ಒಂದು ನಿರ್ದಿಷ್ಟ ಜಾಗದ ಲ್ಯೂಸೀನ್ ಎಂಬ ಅಮೈನೋ ಆಮ್ಲ ಹೋಗಿ ಅಲ್ಲಿ ಫಿನೈಲ್ಅಲನೀನ್ ಎಂಬ ಇನ್ನೊಂದು ಬಂದರೆ, ವಿಷ ಮೊದಲಿನಂತೆ ಅಂಟಿಕೊಳ್ಳಲಾರದು. ಸರದಲ್ಲಿ ಒಂದೇ ಒಂದು ಮಣಿ ಬದಲಾದರೆ ಸಾಕು, ಡಿಡಿಟಿ ಮತ್ತು ಸೊಳ್ಳೆಬತ್ತಿ ಎರಡರ ಏಟೂ ಸಡಿಲವಾಗುತ್ತದೆ. ಅಜ್ಜಿಯ ಕಾಲದ ಡಿಡಿಟಿ ಮೊಮ್ಮಗಳ ಕಾಲದ ಸೊಳ್ಳೆಬತ್ತಿಯ ಬಲವನ್ನು ಮೊದಲೇ ಕುಂದಿಸಿರಬಹುದು ಎಂಬುದನ್ನು ನೆನೆದಾಗ ನನಗೆ ಇಂದಿಗೂ ಆಶ್ಚರ್ಯವಾಗುತ್ತದೆ.

ಒಂದು ಮೋರಿಯನ್ನು ಕಲ್ಪಿಸಿಕೊಳ್ಳಿ, ವೃಷಭಾವತಿಯ ಕಣಿವೆಯಲ್ಲಿ ಕಾಣುವಂಥದು. ಅಲ್ಲಿ ಹತ್ತು ಸಾವಿರ ಕ್ಯೂಲೆಕ್ಸ್ ಸೊಳ್ಳೆಗಳಿವೆ, ಅವುಗಳಲ್ಲಿ ಐದಕ್ಕೆ ಮಾತ್ರ ಈ ಪಾಠಾಂತರವಿದೆ ಎನ್ನೋಣ. ಹೊಗೆ ಬರುವ ಮುಂಚೆ ಅದರಿಂದ ಯಾವ ಲಾಭವೂ ಇಲ್ಲ. ಹೊಗೆ ಬಂತು, ಉಳಿದವುಗಳಲ್ಲಿ ಬಹುಪಾಲು ಸತ್ತವು, ಈ ಐದು ಬದುಕಿದವು. ಹೆಣ್ಣು ಕ್ಯೂಲೆಕ್ಸ್ ನೀರಿನ ಮೇಲೆ ತೆಪ್ಪದಂತೆ ಜೋಡಿಸಿ ಒಮ್ಮೆಗೆ ಇನ್ನೂರರ ಆಸುಪಾಸು ಮೊಟ್ಟೆಯಿಡುತ್ತದೆ. ಅವುಗಳಲ್ಲಿ ಅರ್ಧ ಹೆಣ್ಣಾಗಿ ಎಲ್ಲವೂ ಬದುಕಿ ಮೊಟ್ಟೆಯಿಟ್ಟರೆ, ಒಂದು ಸೊಳ್ಳೆಯ ಮರಿಮಕ್ಕಳ ಕಾಲಕ್ಕೆ ಹೆಣ್ಣುಗಳೇ ಹತ್ತು ಲಕ್ಷವಾಗುತ್ತವೆ. ಹಾಗೆ ಎಲ್ಲವೂ ಬದುಕುವುದಿಲ್ಲ ಎಂಬುದೇ ಮುಖ್ಯ ಸಂಗತಿ. ಬದುಕಿ ಮರಿ ಮಾಡುವವು ಯಾವುವು ಎಂಬುದನ್ನು ಹೊಗೆ ನಿರ್ಧರಿಸುತ್ತಿರುವಾಗ, ಐದು ಸೊಳ್ಳೆಗಳಲ್ಲಿದ್ದ ಪಾಠ ಕೆಲವೇ ತಲೆಮಾರುಗಳಲ್ಲಿ ಮೋರಿಯ ತುಂಬ ಹರಡಿರುತ್ತದೆ. ಇಷ್ಟೆಲ್ಲ ನಡೆದರೂ ಯಾವುದೇ ಒಂದು ಸೊಳ್ಳೆ ಬದಲಾಗಲಿಲ್ಲ ಎಂಬುದನ್ನು ಗಮನಿಸಬೇಕು. ಪ್ರತಿಯೊಂದೂ ಹುಟ್ಟಿದಂತೆಯೇ ಬದುಕಿತು, ಹುಟ್ಟಿದಂತೆಯೇ ಸತ್ತಿತು. ಬದಲಾದದ್ದು ಸಮೂಹ, ಅಂದರೆ ಅದರಲ್ಲಿ ಯಾವ ಪಾಠ ಎಷ್ಟು ಪಾಲು ಇದೆ ಎಂಬ ಲೆಕ್ಕ. ಜೀವವಿಜ್ಞಾನಿಗಳು ವಿಕಾಸ ಎನ್ನುವುದು ಈ ಲೆಕ್ಕದ ಬದಲಾವಣೆಯನ್ನು.

ಡಾರ್ವಿನ್ ಮತ್ತು ವ್ಯಾಲೇಸ್ ಅವರ ಬರಹಗಳನ್ನು 1858ರ ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಓದಿದಾಗ ಅವುಗಳಲ್ಲಿದ್ದದ್ದು ಮೂಲತಃ ಇದೇ ತರ್ಕ: ಒಂದೇ ಜಾತಿಯ ಜೀವಿಗಳಲ್ಲಿ ಭಿನ್ನತೆ ಇದೆ, ಆ ಭಿನ್ನತೆ ಸಂತಾನಕ್ಕೆ ದಾಟುತ್ತದೆ, ಹುಟ್ಟಿದವೆಲ್ಲ ಬದುಕಿ ಮರಿ ಮಾಡುವುದಿಲ್ಲ. ಇದನ್ನು ನಾವು ನಿಸರ್ಗದ ಆಯ್ಕೆ ಎಂದು ಅನುವಾದಿಸಿಕೊಂಡಿದ್ದೇವೆ. ಆಯ್ಕೆ ಎಂದೊಡನೆ ಆಯುವವರೊಬ್ಬರು ಮನಸ್ಸಿಗೆ ಬರುತ್ತಾರೆ. ನನಗೇನೋ ಜರಡಿ ಎಂಬ ಮಾತೇ ಹೆಚ್ಚು ಹೊಂದುತ್ತದೆ ಎನಿಸುತ್ತದೆ. ಜರಡಿಯ ಕಣ್ಣಿಗಿಂತ ಸಣ್ಣದಾದ ಕಾಳು ಕೆಳಗೆ ಬೀಳುತ್ತದೆ, ದೊಡ್ಡದು ಮೇಲೆ ಉಳಿಯುತ್ತದೆ, ಜರಡಿಗೆ ಯಾವ ಉದ್ದೇಶವೂ ಇರುವುದಿಲ್ಲ.

ಇಷ್ಟು ಕೇಳಿದ ಮೇಲೆ ಜಾಣ ವಿದ್ಯಾರ್ಥಿಗಳು ಒಂದು ಪ್ರಶ್ನೆ ಕೇಳುತ್ತಿದ್ದರು. ಆ ಪಾಠಾಂತರ ಮೊದಲೇ ಇತ್ತು ಎನ್ನುವುದಕ್ಕೆ ಆಧಾರವೇನು, ಔಷಧ ತಗುಲಿದ ಮೇಲೆ ಅದಕ್ಕೆ ಪ್ರತಿಯಾಗಿ ಅದು ಹುಟ್ಟಿರಬಾರದೇಕೆ? ಇದಕ್ಕೆ 1952ರಲ್ಲಿ ಅಮೆರಿಕದ ಎಸ್ತರ್ ಮತ್ತು ಜೋಶುವಾ ಲೆಡರ್‌ಬರ್ಗ್ ದಂಪತಿ ಮಖಮಲ್ ಬಟ್ಟೆಯ ತುಂಡೊಂದರಿಂದ ಕೊಟ್ಟ ಉತ್ತರ ಅತ್ಯಂತ ಸುಂದರವಾದದ್ದು. ಅಗಲವಾದ ತಟ್ಟೆಯಲ್ಲಿ ಬ್ಯಾಕ್ಟೀರಿಯಾಗಳು ಚುಕ್ಕೆ ಚುಕ್ಕೆಯಾಗಿ ಬೆಳೆದಿದ್ದವು. ಆ ತಟ್ಟೆಯಲ್ಲಿ ಯಾವ ಔಷಧವೂ ಇರಲಿಲ್ಲ. ಅದರ ಮೇಲೆ ಮಖಮಲ್ಲನ್ನು ಒತ್ತಿದಾಗ ಪ್ರತಿ ಚುಕ್ಕೆಯಿಂದಲೂ ಒಂದಿಷ್ಟು ಜೀವಿಗಳು ಬಟ್ಟೆಯ ನವಿರಿಗೆ ಅಂಟಿದವು. ಮುದ್ರೆಯೊತ್ತುವ ಹಾಗೆ ಅದೇ ಬಟ್ಟೆಯನ್ನು ಸ್ಟ್ರೆಪ್ಟೋಮೈಸಿನ್ ಎಂಬ ಔಷಧ ಬೆರೆಸಿದ ಹಲವು ತಟ್ಟೆಗಳ ಮೇಲೆ ಒಂದಾದ ಮೇಲೊಂದರಂತೆ ಒತ್ತಿದರು. ಔಷಧದ ತಟ್ಟೆಗಳಲ್ಲಿ ಬಹುತೇಕ ಎಲ್ಲವೂ ಸತ್ತವು. ಬದುಕಿ ಬೆಳೆದ ಚುಕ್ಕೆಗಳು ಮಾತ್ರ ಪ್ರತಿಯೊಂದು ತಟ್ಟೆಯಲ್ಲಿಯೂ ಅದೇ ಅದೇ ಜಾಗದಲ್ಲಿದ್ದವು. ಔಷಧಕ್ಕೆ ಪ್ರತಿಯಾಗಿ ಆಗಷ್ಟೇ ಹುಟ್ಟಿದ ಗುಣವಾಗಿದ್ದರೆ ಒಂದೊಂದು ತಟ್ಟೆಯಲ್ಲಿ ಒಂದೊಂದು ಕಡೆ ಕಾಣಿಸಬೇಕಿತ್ತು. ಅವರು ಮೊದಲ ತಟ್ಟೆಗೆ ಹಿಂದಿರುಗಿ ಅದೇ ಜಾಗದ ಬ್ಯಾಕ್ಟೀರಿಯಾಗಳನ್ನು ಹುಡುಕಿ ತೆಗೆದಾಗ, ಔಷಧದ ಸೋಂಕೇ ಇಲ್ಲದ ಆ ಜೀವಿಗಳು ಔಷಧವನ್ನು ತಡೆದುಕೊಂಡವು. ಅಂದರೆ ಪಾಠಾಂತರ ಮೊದಲು, ಜರಡಿ ಆಮೇಲೆ.

ಇನ್ನು "ಬಲಿಷ್ಠರ ಉಳಿವು" ಎಂಬ ಮಾತು. ಇಂಗ್ಲೆಂಡಿನ ಚಿಂತಕ ಹರ್ಬರ್ಟ್ ಸ್ಪೆನ್ಸರ್ ಅವರು 1864ರಲ್ಲಿ ಬಳಸಿದ 'ಸರ್ವೈವಲ್ ಆಫ್ ದಿ ಫಿಟೆಸ್ಟ್', ಅಂದರೆ ಅರ್ಹರ ಉಳಿವು, ಎಂಬ ನುಡಿಗಟ್ಟನ್ನು ಕನ್ನಡಕ್ಕೆ ತರುವಾಗ ಎಲ್ಲೋ ಬಲ ಎಂಬ ಅರ್ಥ ನುಸುಳಿತು, ಅದರ ಬೆನ್ನಿಗೆ ದುರ್ಬಲರನ್ನು ತುಳಿಯುವುದೇ ಪ್ರಕೃತಿಯ ನಿಯಮವೆಂಬ ತಪ್ಪು ತಿಳಿವಳಿಕೆಯೂ ಬಂತು. ಜೀವವಿಜ್ಞಾನದಲ್ಲಿ ಅರ್ಹತೆ ಎಂದರೆ ಒಂದು ಜಾಗದಲ್ಲಿ, ಒಂದು ಕಾಲದಲ್ಲಿ, ಎಷ್ಟು ಸಂತಾನ ಉಳಿಯಿತು ಎಂಬುದಷ್ಟೆ. ದಕ್ಷಿಣ ಫ್ರಾನ್ಸಿನ ಮಾಂಟ್‌ಪೆಲಿಯೆ ಪ್ರದೇಶದಲ್ಲಿ 1960ರ ದಶಕದ ಕೊನೆಯಿಂದ ಕಡಲಂಚಿನ ಪಟ್ಟಿಗೆ ಮಾತ್ರ ಕೀಟನಾಶಕ ಸಿಂಪಡಿಸುತ್ತ ಬಂದರು. ಆ ಪಟ್ಟಿಯಲ್ಲಿ ನಿರೋಧಶಕ್ತಿ ಕೊಡುವ ವಂಶವಾಹಿ, ಅಂದರೆ ಡಿಎನ್ಎಯ ಒಂದು ತುಣುಕು, ಸೊಳ್ಳೆಗಳಲ್ಲಿ ಹೇರಳವಾಯಿತು; ಒಳನಾಡಿಗೆ ಹೋದಂತೆ ಅದರ ಪಾಲು ಇಳಿಯುತ್ತ ಹೋಯಿತು. ಔಷಧವಿಲ್ಲದ ಕಡೆ ಆ ವಂಶವಾಹಿ ಸೊಳ್ಳೆಗೆ ಹೊರೆಯೇ ಹೊರತು ವರವಲ್ಲ. ಅದು ಬಾಗಿಲನ್ನು ಬದಲಿಸುವ ಬಗೆಯದಲ್ಲ, ವಿಷವನ್ನು ಹಿಡಿದಿಡುವ ಪ್ರೋಟೀನನ್ನು ಅತಿಯಾಗಿ ತಯಾರಿಸುವಂಥದು; ಅದಕ್ಕೆ ಶಕ್ತಿ ವ್ಯಯವಾಗುತ್ತದೆ. ಇಪ್ಪತ್ತು ಮೂವತ್ತು ಕಿಲೋಮೀಟರ್ ದೂರದಲ್ಲಿ ಅರ್ಹತೆಯ ಅರ್ಥವೇ ಬದಲಾಗುವುದಾದರೆ, ಯಾವ ಜೀವಿಯನ್ನು ಎಲ್ಲ ಕಾಲಕ್ಕೂ ಬಲಿಷ್ಠವೆನ್ನೋಣ?

ಎಲ್ಲ ಬದಲಾವಣೆಯೂ ಜರಡಿಯಿಂದಲೇ ಆಗುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಸಮೂಹ ಚಿಕ್ಕದಾದಷ್ಟೂ ಬರಿಯ ಆಕಸ್ಮಿಕಕ್ಕೆ ಹೆಚ್ಚು ಬಲ. ಒಂದು ಕೆರೆ ಬತ್ತಿ ಎಂಟು ಹತ್ತು ಮೀನು ಮಾತ್ರ ಉಳಿದರೆ, ಒಳ್ಳೆಯದೋ ಕೆಟ್ಟದೋ, ಅವುಗಳಲ್ಲಿದ್ದ ಪಾಠವೇ ಮುಂದಿನ ಕೆರೆಯ ಪಾಠವಾಗುತ್ತದೆ.

ಓಲೆಗರಿಯ ಹೋಲಿಕೆ ಇನ್ನೊಂದು ಕಡೆಗೂ ದಾರಿ ತೋರಿಸುತ್ತದೆ. ಗ್ರಂಥಸಂಪಾದಕರ ಮುಂದೆ ಒಂದೇ ಕಾವ್ಯದ ಹತ್ತು ಪ್ರತಿಗಳಿದ್ದು, ಅವುಗಳಲ್ಲಿ ನಾಲ್ಕರಲ್ಲಿ ಒಂದೇ ಪದ್ಯದ ಒಂದೇ ಜಾಗದಲ್ಲಿ ಒಂದೇ ವಿಚಿತ್ರ ತಪ್ಪು ಕಂಡರೆ, ಆ ನಾಲ್ಕೂ ಒಂದೇ ಮಾತೃಪ್ರತಿಯಿಂದ ಬಂದವೆಂದು ಅವರು ತೀರ್ಮಾನಿಸುತ್ತಾರೆ. ಜೀವಿಗಳ ನಂಟನ್ನೂ ಹೀಗೆಯೇ ಗುರುತಿಸಬಹುದು. ಹಸು, ನಾಯಿ, ಇಲಿಗಳು ತಮಗೆ ಬೇಕಾದ ಸಿ ಜೀವಸತ್ವವನ್ನು ತಮ್ಮ ಯಕೃತ್ತಿನಲ್ಲಿಯೇ ತಯಾರಿಸಿಕೊಳ್ಳುತ್ತವೆ. ನಾವು ಮಾತ್ರ ನೆಲ್ಲಿಕಾಯಿಯನ್ನೋ ನಿಂಬೆಯನ್ನೋ ತಿಂದೇ ಪಡೆಯಬೇಕು. ಅದನ್ನು ತಯಾರಿಸುವ ಕೊನೆಯ ಹಂತದ ವಂಶವಾಹಿ ನಮ್ಮಲ್ಲಿ ಇಲ್ಲದೇ ಇಲ್ಲ. ಕೆಟ್ಟು ನಿಂತ ಸ್ಥಿತಿಯಲ್ಲಿ ಇಂದಿಗೂ ನಮ್ಮ ಡಿಎನ್ಎಯಲ್ಲಿ ಕುಳಿತಿದೆ. ಅದೇ ವಂಶವಾಹಿ ಚಿಂಪಾಂಜಿಯಲ್ಲಿಯೂ ಕೆಟ್ಟಿದೆ, ಕೋತಿಗಳಲ್ಲಿಯೂ ಕೆಟ್ಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳಲ್ಲಿ ರಾತ್ರಿ ಹೊತ್ತು ಅಡ್ಡಾಡುವ ಕಾಡುಪಾಪಗಳ ಗುಂಪಿನಲ್ಲಿ ಮಾತ್ರ ಅದು ಕೆಟ್ಟಿಲ್ಲ. ಅಂದಮೇಲೆ ಕಾಡುಪಾಪಗಳ ಕವಲು ಬೇರೆಯಾದ ನಂತರ, ಕೋತಿ ಮತ್ತು ನಮ್ಮ ಕವಲುಗಳು ಬೇರೆಯಾಗುವ ಮುಂಚೆ, ಆ ತಪ್ಪು ನುಸುಳಿರಬೇಕು. ಕೋತಿಯಿಂದ ಮನುಷ್ಯ ಬಂದಿದ್ದರೆ ಇನ್ನೂ ಕೋತಿಗಳೇಕೆ ಇವೆ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೆ: ಕೋತಿ ನಮ್ಮ ಮುತ್ತಜ್ಜನಲ್ಲ, ದಾಯಾದಿ. ಮನೆ ಪಾಲಾದ ಮೇಲೆ ದಾಯಾದಿಗಳು ಇಲ್ಲವಾಗಬೇಕೆಂದೇನೂ ಇಲ್ಲ.

ಒಂದೊಂದು ಅಕ್ಷರ ಬದಲಾಗಿ ಇಷ್ಟು ಬಗೆಯ ಜೀವಿಗಳು ಬರಲು ಕಾಲ ಸಾಲುತ್ತದೆಯೇ ಎನ್ನುವವರು ಲಾಲ್‌ಬಾಗಿನ ಬಂಡೆಯ ಮೇಲೆ, ಕೆಂಪೇಗೌಡರ ಗೋಪುರದ ಬಳಿ, ಒಮ್ಮೆ ಕುಳಿತು ಬರಬೇಕು. ಆ ಶಿಲೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಅದು ರೂಪುಗೊಂಡಾಗ ಭೂಮಿಯ ಮೇಲಿದ್ದದ್ದು ಸೂಕ್ಷ್ಮಜೀವಿಗಳು ಮಾತ್ರ.

ಮತ್ತೆ ನಮ್ಮ ಮನೆಯ ಮಾತಿಗೆ ಬರುತ್ತೇನೆ. "ನನ್ನ ದೇಹಕ್ಕೆ ಆ ಮಾತ್ರೆ ಒಗ್ಗಿಹೋಗಿದೆ, ಈಗ ಕೆಲಸ ಮಾಡುವುದಿಲ್ಲ" ಎಂದು ಆಂಟಿಬಯಾಟಿಕ್ ಬಗ್ಗೆ ಹೇಳುವವರಿದ್ದಾರೆ. ಅಲ್ಲಿ ಬದಲಾದದ್ದು ಅವರ ದೇಹವಲ್ಲ, ಬ್ಯಾಕ್ಟೀರಿಯಾಗಳ ಸಮೂಹ. ವೈರಸ್ಸಿನಿಂದ ಬಂದ ನೆಗಡಿಗೆ ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗಿದ ಆಂಟಿಬಯಾಟಿಕ್ ವೈರಸ್ಸನ್ನು ಮುಟ್ಟುವುದಿಲ್ಲ. ಕರುಳಿನಲ್ಲಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳನ್ನು ಜರಡಿ ಹಿಡಿಯುತ್ತದೆ. ಉಳಿದುಕೊಂಡವು ತಮ್ಮ ಪಾಠವನ್ನು ಸಂತಾನಕ್ಕಷ್ಟೇ ಅಲ್ಲ, ಪಕ್ಕದ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲವು. ಇದು ನನ್ನನ್ನು ನಿಜವಾಗಿಯೂ ಚಿಂತೆಗೀಡು ಮಾಡುವ ವಿಷಯ.

ಸೊಳ್ಳೆಯ ವಿಚಾರದಲ್ಲಿ ಬೆಂಗಳೂರಿಗೆ ಒಂದು ಹಳೆಯ ನೆನಪಿದೆ. ಮಲೇರಿಯಾದ ಪರೋಪಜೀವಿಯನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಕಂಡುಕೊಂಡ ರೊನಾಲ್ಡ್ ರಾಸ್ ಅವರು ಅದಕ್ಕೂ ಮೊದಲು, 1883ರಲ್ಲಿ, ಇಲ್ಲಿಯ ದಂಡಿನಲ್ಲಿ ವೈದ್ಯರಾಗಿದ್ದರು. ತಮ್ಮ ಬಂಗಲೆಯಲ್ಲಿ ಸೊಳ್ಳೆ ವಿಪರೀತವಾದಾಗ ಅವರು ಹೊರಗಿದ್ದ ಪೀಪಾಯಿಯಲ್ಲಿ ಮರಿಗಳನ್ನು ಕಂಡು ಅದರ ನೀರು ಚೆಲ್ಲಿಸಿದರು, ಸೊಳ್ಳೆ ಕಡಿಮೆಯಾಯಿತು. ವಿಷಕ್ಕೆ ಅಂಟದ ಬಾಗಿಲನ್ನು ಒಂದು ಅಕ್ಷರದ ಪಲ್ಲಟ ತಂದುಕೊಡಬಲ್ಲದು. ನೀರೇ ಇಲ್ಲದೆ ಸೊಳ್ಳೆಮರಿ ಬೆಳೆಯುವಂತೆ ಮಾಡುವುದು ಅಷ್ಟು ಸುಲಭದ ಪಲ್ಲಟವಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಮಾತ್ರ ಒಣಗಿದ ತೊಟ್ಟಿಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ; ಅದೂ ನಾವು ಔಷಧ ಕಂಡುಹಿಡಿಯುವುದಕ್ಕೆ ಎಷ್ಟೋ ಮುಂಚೆ, ಬತ್ತುವ ಮತ್ತು ತುಂಬುವ ನೀರಿನ ಜರಡಿಯಲ್ಲಿ ಉಳಿದುಬಂದ ಗುಣ. ಆದ್ದರಿಂದ ಡ್ರಮ್ಮಿನ ನೀರನ್ನು ವಾರಕ್ಕೊಮ್ಮೆ ಚೆಲ್ಲುವುದರ ಜೊತೆಗೆ ಅದರ ಒಳಗೋಡೆಯನ್ನೂ ತಿಕ್ಕಿ ತೊಳೆಯಬೇಕು.

ನಮಸ್ಕಾರ.