ಅಗ್ಗದ ಚಿಪ್, ಇಳಿಯದ ರಾಯಧನ

ಕೇಳುಗರಿಗೆ ನಮಸ್ಕಾರ.

ಗುಂಡಿಗಳಿರುವ ಸಾಧಾರಣ ಮೊಬೈಲ್ ಒಂದನ್ನು ರಿಪೇರಿ ಅಂಗಡಿಯಲ್ಲಿ ಬಿಚ್ಚುವುದನ್ನು ನೀವು ನೋಡಿರಬಹುದು. ಬ್ಯಾಟರಿ ತೆಗೆದು, ಸ್ಕ್ರೂ ಕಳಚಿ, ತಗಡಿನ ಮುಚ್ಚಳ ಎತ್ತಿದರೆ ಕಿರುಬೆರಳಿನ ಉಗುರಿನಷ್ಟು ಅಗಲದ ಒಂದು ಕಪ್ಪು ಚೌಕ ಕಾಣುತ್ತದೆ. ಹಿಂದೆ ರೇಡಿಯೋ ತರಂಗ ಹಿಡಿಯಲು ಒಂದು ಚಿಪ್, ಅದರಿಂದ ಮಾತನ್ನು ಬಿಡಿಸಲು ಇನ್ನೊಂದು, ವಿದ್ಯುತ್ ಹಂಚಲು ಮತ್ತೊಂದು ಬೇಕಿತ್ತು. ಇವೆಲ್ಲ ಒಂದೇ ತುಂಡಿನಲ್ಲಿ ಸೇರಿಕೊಂಡಾಗ ಚಿಪ್‌ನ ಬೆಲೆಯ ಜೊತೆಗೆ ಬೋರ್ಡಿನ ಅಳತೆ, ಬೆಸುಗೆಯ ಕೆಲಸ, ಪರೀಕ್ಷೆಯ ಸಮಯ ಎಲ್ಲವೂ ಇಳಿದವು. 2005ರಲ್ಲಿ ಮೊಬೈಲ್ ಸೇವಾ ಕಂಪನಿಗಳ ಜಾಗತಿಕ ಒಕ್ಕೂಟ ಬಡ ದೇಶಗಳಿಗೆಂದು ಅಗ್ಗದ ಫೋನ್ ಕೇಳಿದಾಗ ಮೊಟೊರೊಲಾ ಮೊದಲು 40 ಡಾಲರ್‌ಗಿಂತ ಕಡಿಮೆಗೆ, ಅದೇ ವರ್ಷ 30 ಡಾಲರ್‌ಗಿಂತಲೂ ಕಡಿಮೆಗೆ ಕೊಡಲು ಒಪ್ಪಿತು.

ತೈವಾನಿನ ಮೀಡಿಯಾಟೆಕ್ ಇನ್ನಷ್ಟು ಮುಂದೆ ಹೋಯಿತು. ಚಿಪ್‌ನೊಂದಿಗೆ ತಂತ್ರಾಂಶವನ್ನೂ ಬೋರ್ಡಿನ ನಕ್ಷೆಯನ್ನೂ ಕೊಟ್ಟಿತು. ದೊಡ್ಡ ಎಂಜಿನಿಯರ್ ಪಡೆಯಿಲ್ಲದ ಶೆನ್‌ಜೆನ್‌ನ ಸಣ್ಣ ಕಾರ್ಖಾನೆಗಳೂ ಫೋನ್ ತಯಾರಿಸತೊಡಗಿದವು. ಚೀನಾದಲ್ಲಿ ತಯಾರಾದ ಫೋನುಗಳೇ ಮೈಕ್ರೋಮ್ಯಾಕ್ಸ್‌ನಂಥ ಭಾರತದ ಬ್ರ್ಯಾಂಡ್‌ಗಳ ಹೆಸರು ಹೊತ್ತು ನಮ್ಮ ಊರೂರಿನ ಅಂಗಡಿಗಳಿಗೆ ಬಂದವು.

ಆದರೆ ಚಿಪ್ ಕೊಂಡ ಮಾತ್ರಕ್ಕೆ ಅದರೊಳಗಿನ ತಂತ್ರಜ್ಞಾನದ ಹಕ್ಕು ಸಿಕ್ಕಿತೆಂದು ಅರ್ಥವಲ್ಲ. 3ಜಿ, 4ಜಿಯ ಮೂಲ ಪೇಟೆಂಟ್‌ಗಳು ಕ್ವಾಲ್‌ಕಾಮ್, ಎರಿಕ್ಸನ್, ನೋಕಿಯಾದಂಥ ಕಂಪನಿಗಳ ಕೈಯಲ್ಲಿವೆ. ಅವು ರಾಯಧನ, ಅಂದರೆ ಪೇಟೆಂಟ್ ಬಳಸಿದ್ದಕ್ಕೆ ಕೊಡಬೇಕಾದ ಹಣ, ಕೇಳುವುದು ಸಾಮಾನ್ಯವಾಗಿ ಫೋನ್ ತಯಾರಕರಿಂದ, ಅದೂ ಇಡೀ ಫೋನಿನ ಬೆಲೆಯ ಮೇಲೆ ಶೇಕಡಾವಾರು ಲೆಕ್ಕದಲ್ಲಿ. 2015ರಲ್ಲಿ ಚೀನಾ ಸರ್ಕಾರ ಕ್ವಾಲ್‌ಕಾಮ್‌ಗೆ 600 ಕೋಟಿ ಯುವಾನ್‌ಗೂ ಮೀರಿದ ದಂಡ ಹಾಕಿದಾಗ ಅಲ್ಲಿ ಮಾರುವ ಫೋನುಗಳಿಗೆ ಒಂದು ದರ ಗೊತ್ತಾಯಿತು: ಮಾರಾಟ ಬೆಲೆಯ ಶೇ. 65ರ ಮೇಲೆ 3ಜಿ ಫೋನಿಗೆ ಶೇ. 5, 3ಜಿ ಇಲ್ಲದ 4ಜಿ ಫೋನಿಗೆ ಶೇ. 3.5.

ಈ ಎರಡನೆಯ ದರದಲ್ಲೇ ಲೆಕ್ಕ ಹಾಕೋಣ. ತಯಾರಕ 10,000 ರೂಪಾಯಿಗೆ ಮಾರುವ ಫೋನಿಗೆ ರಾಯಧನ 227 ರೂಪಾಯಿ 50 ಪೈಸೆ. ಚಿಪ್ 300 ರೂಪಾಯಿ ಅಗ್ಗವಾಯಿತು, ತಯಾರಕ ಅಷ್ಟನ್ನೂ ಬೆಲೆಯಲ್ಲಿ ಇಳಿಸಿದ ಎನ್ನಿ. ಆಗಲೂ ರಾಯಧನ ಇಳಿಯುವುದು ಏಳು ರೂಪಾಯಿಗಿಂತ ಕಡಿಮೆ. ಬದಲಿಗೆ ಚಿಪ್‌ನಲ್ಲಿ ಉಳಿದ ಆ 300 ರೂಪಾಯಿಯನ್ನು ಅವನು ಒಳ್ಳೆಯ ಕ್ಯಾಮೆರಾಕ್ಕೆ ಹಾಕಿ ಹಳೆಯ ಬೆಲೆಯನ್ನೇ ಉಳಿಸಿಕೊಂಡರೆ ರಾಯಧನ ಒಂದು ಪೈಸೆಯೂ ಇಳಿಯುವುದಿಲ್ಲ. ಕ್ಯಾಮೆರಾಕ್ಕೂ ಆ ಪೇಟೆಂಟಿಗೂ ಏನು ಸಂಬಂಧ ಎಂದು ತಯಾರಕರು ಕೇಳುವುದು ಇಲ್ಲಿಯೇ.

ಭಾರತದಲ್ಲೂ ಈ ಪ್ರಶ್ನೆ ಎದ್ದಿತು. ತನ್ನ ಪೇಟೆಂಟ್‌ಗಳ ಉಲ್ಲಂಘನೆಯಾಗಿದೆ ಎಂದು ಎರಿಕ್ಸನ್ 2013ರಲ್ಲಿ ಮೈಕ್ರೋಮ್ಯಾಕ್ಸ್ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಯಿತು. ಕೇಳಿದ ರಾಯಧನ ಅತಿಯಾಯಿತೆಂದು ಮೈಕ್ರೋಮ್ಯಾಕ್ಸ್, ಮಾರುಕಟ್ಟೆಯಲ್ಲಿ ನ್ಯಾಯವಾದ ಪೈಪೋಟಿ ಇರುವಂತೆ ನೋಡಿಕೊಳ್ಳುವ ಸ್ಪರ್ಧಾ ಆಯೋಗದ ಮೊರೆಹೊಕ್ಕಿತು. ತನಿಖೆಗೆ ಆದೇಶಿಸಿದ ಆಯೋಗ ಸರಳವಾದ ಉದಾಹರಣೆ ಕೊಟ್ಟಿತು: 100 ರೂಪಾಯಿ ಫೋನಿನಲ್ಲಿರುವ ಚಿಪ್‌ಗೆ ರಾಯಧನ ಒಂದೂಕಾಲು ರೂಪಾಯಿ, ಅದೇ ಚಿಪ್ 1,000 ರೂಪಾಯಿ ಫೋನಿನಲ್ಲಿದ್ದರೆ ಹನ್ನೆರಡೂವರೆ ರೂಪಾಯಿ.

ಆಯೋಗದ ತರ್ಕದಲ್ಲಿ ಹುರುಳಿದೆ. ಆದರೂ ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಒಂದು ಚಿಪ್‌ಗೆ ಇಂತಿಷ್ಟು ಎಂದು ಎಲ್ಲರಿಗೂ ಒಂದೇ ಮೊತ್ತ ಕಟ್ಟಿದರೆ, ಲಕ್ಷ ರೂಪಾಯಿಯ ಫೋನಿನವರಷ್ಟೇ ಹಣವನ್ನು ಕೂಲಿಯ ದುಡ್ಡಿನಲ್ಲಿ ಫೋನ್ ಕೊಳ್ಳುವವರೂ ಕೊಡಬೇಕಾಗುತ್ತದೆ. ಶೇಕಡಾವಾರು ಪದ್ಧತಿಯಲ್ಲಿ ಅವರ ಮೇಲೆ ಭಾರ ಕಡಿಮೆ. ದುಬಾರಿ ಫೋನುಗಳ ವಿಷಯದಲ್ಲಿ ಕ್ವಾಲ್‌ಕಾಮ್ ತಾನೇ 400 ಡಾಲರ್‌ನ ಮಿತಿ ಇಟ್ಟುಕೊಂಡಿತು. ಬೆಲೆ ಎಷ್ಟೇ ಇರಲಿ, ಅದರಾಚೆಗಿನ ಮೊತ್ತಕ್ಕೆ ರಾಯಧನವಿಲ್ಲ.

ಪೇಟೆಂಟ್ ಒಡೆಯರ ಆದಾಯವೂ ಏರುತ್ತಲೇ ಹೋಗಿಲ್ಲ. 2014ರ ಹಣಕಾಸು ವರ್ಷದಲ್ಲಿ ಕ್ವಾಲ್‌ಕಾಮ್‌ನ ಪರವಾನಗಿ ವಿಭಾಗಕ್ಕೆ ಬಂದದ್ದು ಸುಮಾರು 757 ಕೋಟಿ ಡಾಲರ್. 2024ರಲ್ಲಿ ಸುಮಾರು 557 ಕೋಟಿ. ಅಗ್ಗದ ಫೋನುಗಳೊಂದೇ ಇದಕ್ಕೆ ಕಾರಣವಲ್ಲ, ಚೀನಾದ ತೀರ್ಮಾನ ಮತ್ತು ಹೊಸ ಒಪ್ಪಂದಗಳ ಪಾಲೂ ಇದೆ. ಚಿಪ್ ಮಾರಾಟದ ಆದಾಯ ಮಾತ್ರ ಇದೇ ಅವಧಿಯಲ್ಲಿ ಬಹಳ ಬೆಳೆಯಿತು.

ನನ್ನ ತಕರಾರು ಇರುವುದು ಗುಟ್ಟಿನ ಬಗ್ಗೆ. ತಯಾರಕರು ಸಹಿ ಹಾಕುವ ಒಪ್ಪಂದಗಳಲ್ಲಿ ದರವನ್ನು ಹೊರಗೆ ಹೇಳಬಾರದೆಂಬ ಷರತ್ತಿರುತ್ತದೆ. ನೆರೆಯ ಕಂಪನಿ ಎಷ್ಟು ಕೊಡುತ್ತಿದೆ ಎಂದು ತಿಳಿಯದ ಹೊಸ ತಯಾರಕ ಚೌಕಾಸಿ ಮಾಡುವುದಾದರೂ ಹೇಗೆ? ಇಂಥ ದೂರುಗಳಿಗೆ ಪೇಟೆಂಟ್ ಕಾಯ್ದೆಯೇ ದಾರಿ, ಸ್ಪರ್ಧಾ ಆಯೋಗ ತನಿಖೆ ಮಾಡುವಂತಿಲ್ಲ ಎಂದು ದೆಹಲಿ ಹೈಕೋರ್ಟ್ 2023ರಲ್ಲಿ ಹೇಳಿದೆ. ಹಾಗಿದ್ದರೆ ಎಲ್ಲರೂ ಬಳಸಲೇಬೇಕಾದ ಪೇಟೆಂಟ್‌ಗಳ ದರಪಟ್ಟಿಯನ್ನು ಪ್ರಕಟಿಸಬೇಕೆಂಬ ನಿಯಮವನ್ನು ಸಂಸತ್ತು ಆ ಕಾಯ್ದೆಗೇ ಸೇರಿಸಲಿ. ನಮಸ್ಕಾರ.